ಸೊಪ್ಪಿನಮ್ಮನ ಯಜಮಾನರು

ನಮ್ಮಪ್ಪ ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು. ಊರಿನವರ ಬಾಯಲ್ಲಿ ಬರೀ 'ಮೆಂಬರು'. ಊರು ಅಂದರೆ ಮಹದೇವಪುರ. ಆಗ ಅದಕ್ಕೆ ಇದ್ದದ್ದು ಎರಡು ಬೀದಿ, ಒಂದು ಕೆರೆ, ಕೆರೆ ಹಿಂದೆ ರಾಗಿ ಹೊಲ, ಮುಂದೆ ತರಕಾರಿ ತೋಟ. ಹಲಸೂರಿನ ಆಚೆಗೆಲ್ಲ ಇಂಗ್ಲಿಷರ ದಂಡು, ಅಂದರೆ ಕಂಟೋನ್ಮೆಂಟು, ಈಚೆಗೆಲ್ಲ ಮಹಾರಾಜರ ಸೀಮೆ, ನಡುವೆ ಒಂದು ಸುಂಕದ ಗೇಟು. ನಮ್ಮ ಊರಿನಲ್ಲಿ ಬೆಳೆದದ್ದು ಆ ಗೇಟು ದಾಟಿ ದಂಡಿನವರ ಅಡಿಗೆಮನೆ ಸೇರುತ್ತಿತ್ತು.

ಅಪ್ಪ ಮೆಂಬರಾದದ್ದು ದೊಡ್ಡ ಜಮೀನಿನ ಬಲದಿಂದಲ್ಲ. ನಮಗಿದ್ದದ್ದು ನಾಲ್ಕು ಎಕರೆ ತೋಟ, ಎತ್ತು ಕಟ್ಟಿ ನೀರೆತ್ತುವ ಒಂದು ಕಪಿಲೆ ಬಾವಿ, ಒಂದು ಜೊತೆ ಎತ್ತು. ಆದರೆ ಅವರು ಲೋಯರ್ ಸೆಕೆಂಡರಿವರೆಗೆ ಓದಿದ್ದರು. ಅರ್ಜಿ ಬರೆಯುವುದರಲ್ಲಿ ಎತ್ತಿದ ಕೈ. ಕೆ.ಆರ್. ಪುರದ ಕೆರೆ ತೂಬು ಒಡೆದು ಗದ್ದೆಗಳೆಲ್ಲ ಒಣಗುತ್ತಿದ್ದಾಗ ಕಚೇರಿಯಿಂದ ಕಚೇರಿಗೆ ಸೈಕಲ್ ತುಳಿದು ರಿಪೇರಿ ಮಾಡಿಸಿದವರು ಅಪ್ಪ. ಹೊರಮಾವಿಗೆ ಪ್ರೈಮರಿ ಸ್ಕೂಲು ತಂದವರೂ ಅವರೇ. ಆ ಎರಡು ಊರಿನವರು ಸೇರಿಕೊಂಡು ಅವರನ್ನು ಎರಡು ಸಲ ಗೆಲ್ಲಿಸಿದ್ದರು. ದಸರಾ ಅಧಿವೇಶನಕ್ಕೆ ಅವರು ಕರಿಯ ಉದ್ದ ಕೋಟು ಹಾಕಿ, ಜರಿ ಪೇಟ ಕಟ್ಟಿ ಮೈಸೂರಿನ ರೈಲು ಹತ್ತುವಾಗ ಇಡೀ ಬೀದಿ ಜಗಲಿ ಮೇಲೆ ನಿಂತು ನೋಡುತ್ತಿತ್ತು. ನನಗಂತೂ ಅಪ್ಪನೇ ಮಹಾರಾಜರಂತೆ ಕಾಣುತ್ತಿದ್ದರು.

ನಮ್ಮವ್ವ ಸೊಪ್ಪು ಮಾರುತ್ತಿದ್ದಳು. ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆಗಳನ್ನು ಬಾಳೆನಾರಿನಲ್ಲಿ ಕಟ್ಟಿ, ಗಾಡಿಯಲ್ಲಿ ಹೇರಿ, ವಾರಕ್ಕೆ ನಾಲ್ಕು ದಿನ ಬ್ಲಾಕ್‌ಪಳ್ಳಿಯ ಮಾರುಕಟ್ಟೆಗೆ ಹೋಗುತ್ತಿದ್ದಳು. ಈಗಿನ ಶಿವಾಜಿನಗರಕ್ಕೆ ಆಗ ಆ ಹೆಸರು. ಅಪ್ಪ ಮೆಂಬರಾದ ಮೇಲೆ ನೆಂಟರೆಲ್ಲ ಅವ್ವನ ಹಿಂದೆ ಬಿದ್ದರು.

"ಮೆಂಬರ ಹೆಂಡ್ತಿ ಬೀದೀಲಿ ಕುಂತು ಸೊಪ್ಪು ಮಾರೋದಾ? ನೋಡ್ದೋರು ಏನಂದಾರು?"

"ಮೆಂಬರ ಮನೇಲಿ ಸೊಪ್ಪು ಬೆಳೆಯಲ್ವಾ? ಬೆಳೆದಿದ್ದನ್ನ ಮಾರ್ದೆ ಎತ್ತಿಗೆ ಹಾಕ್ಲಾ?" ಎಂದು ಅವ್ವ ಕೇಳುತ್ತಿದ್ದಳು.

ಅಪ್ಪ ಮಾತ್ರ ಈ ವಿಷಯದಲ್ಲಿ ಒಂದು ಮಾತೂ ಆಡುತ್ತಿರಲಿಲ್ಲ. ಬಿಡು ಅಂತಲೂ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ. ಮೈಸೂರಿನಲ್ಲಿ ಜೊತೆಯ ಸದಸ್ಯರು ಮನೆ ಕಡೆಯ ಸಮಾಚಾರ ಕೇಳಿದರೆ "ಸ್ವಲ್ಪ ತೋಟ ಇದೆ" ಎಂದು ಹೇಳಿ ಮಾತು ತೇಲಿಸಿಬಿಡುತ್ತಿದ್ದರಂತೆ. ಅದನ್ನು ಅವರೇ ನನಗೆ ಎಷ್ಟೋ ವರ್ಷದ ಮೇಲೆ, ತಲೆ ತಗ್ಗಿಸಿಕೊಂಡು, ಹೇಳಿದರು.

ನಾನು ಹಲಸೂರಿನಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದುಕೊಂಡು ಹೈಸ್ಕೂಲು ಓದಿದೆ. ನಮ್ಮ ಊರಿನ ಹುಡುಗಿಯರಲ್ಲಿ ಅಷ್ಟು ಓದಿದವಳು ನಾನೇ ಮೊದಲು. ಕೊನೆಯ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದ ವರ್ಷವೇ ಸಭೆಗೆ ಮತ್ತೆ ಚುನಾವಣೆ ಬಂತು. ಇನ್ನೂ ಎರಡನೇ ಮಹಾಯುದ್ಧದ ಕಾಲ. ಸೀಮೆಎಣ್ಣೆಗೆ ಸಾಲು, ಪೆಟ್ರೋಲಿಲ್ಲದೆ ಇದ್ದಿಲು ಸುಟ್ಟುಕೊಂಡು ಓಡುವ ಬಸ್ಸು, ದಂಡಿನ ತುಂಬ ಎಲ್ಲೆಲ್ಲಿಯದೋ ಸೋಲ್ಜರುಗಳು.

ಒಂದು ಮಧ್ಯಾಹ್ನ ಸ್ಕೂಲು ಮೇಷ್ಟ್ರು ಗೆಜೆಟ್ಟಿನ ಹಾಳೆಗಳನ್ನು ಹಿಡಿದುಕೊಂಡು ಬಂದರು. ಅಪ್ಪ ಜಗಲಿಯ ಮೇಲೆ ಕೂತು ಓದಿದರು. ಇನ್ನೊಂದು ಸಲ ಓದಿದರು. ಆಮೇಲೆ ನನ್ನನ್ನು ಕರೆದು, ಸೀಮೆಸುಣ್ಣ ತರಿಸಿಕೊಂಡು, ಜಗಲಿಯ ಕಲ್ಲಿನ ಮೇಲೆ ಊರುಗಳ ಹೆಸರು ಬರೆದು ನಡುವೆ ಒಂದು ಗೆರೆ ಎಳೆದರು.

"ನೋಡು ಮಗಾ, ಕೆ.ಆರ್. ಪುರ, ಹೊರಮಾವು ಎರಡೂ ಗೆರೆಯಿಂದ ಆಚೆಗೆ ಹೋದ್ವು. ಆ ಕಡೆ ಬೇರೆ ಕ್ಷೇತ್ರ. ನಮ್ಮೂರನ್ನ ತಗೊಂಡು ವರ್ತೂರಿನ ಕಡೆ ಸೇರಿಸವ್ರೆ. ಇಷ್ಟು ದಿನ ನಮ್ದೊಂದು ಸೀಟು, ವರ್ತೂರಿನೋರದ್ದೊಂದು ಸೀಟು. ಇನ್ಮೇಲೆ ಎರಡೂ ಸೇರಿ ಒಂದೇ."

"ಹಂಗಾದ್ರೆ ನೀವು ಆ ಕಡೆ ಹೋಗಿ ನಿಲ್ಲಬಹುದಲ್ಲಪ್ಪ?"

"ನನ್ ಮನೆ ಇಲ್ಲೈತೆ. ನನ್ ಓಟು ಇಲ್ಲೈತೆ. ಮನೆ ಬಿಟ್ಟು ಅಲ್ಲೆಲ್ಲಿ ಹೋಗಿ ನಿಲ್ಲಾನ? ಅಲ್ಲಿ ನಿಲ್ಲಾಕೆ ಅವರವರೇ ಇದ್ದಾರೆ."

ಒಳಗೆ ಅವ್ವ ಒನಕೆ ನಿಲ್ಲಿಸಿದ್ದು ಕೇಳಿಸಿತು.

ನಾಲ್ಕೈದು ದಿನಕ್ಕೆ ವರ್ತೂರಿನ ಕಡೆಯ ಸದಸ್ಯರೇ ನಮ್ಮ ಮನೆಗೆ ಬಂದರು. ಅವರೂ ಅಪ್ಪನ ಹಾಗೆ ಆಗಿನ ಸಭೆಯಲ್ಲಿ ಇದ್ದವರು. ದೊಡ್ಡ ಜಮೀನಿನವರು, ವಯಸ್ಸಿನಲ್ಲೂ ಹಿರಿಯರು. ಮನೆಯಲ್ಲಿ ಜಟಕಾ ಇತ್ತು, ಆಳುಕಾಳು ಇತ್ತು. ಆದರೆ ಜಂಬವಿರಲಿಲ್ಲ. ನಮ್ಮ ಚಾಪೆಯ ಮೇಲೇ ಕೂತು, ಅವ್ವ ಕೊಟ್ಟ ಮಜ್ಜಿಗೆ ಕುಡಿದರು.

"ನೋಡಿ, ಒಂದು ಸಭೇಲಿ ಒಟ್ಟಿಗೆ ಕೂತಿದ್ದೋರು ನಾವು. ನಮ್ಮಿಬ್ರಲ್ಲಿ ಯಾಕೆ ಪೈಪೋಟಿ? ಈ ಸೀಮೆನಾಗೆ ನಾನು ಹುಟ್ದಾಗಿಂದ ಎಲ್ಲ ನನ್ನನ್ನ ಬಲ್ರು. ನೀವು ಈ ಸಲ ಬಿಟ್ಟುಬಿಡಿ. ಡಿಸ್ಟ್ರಿಕ್ಟ್ ಬೋರ್ಡಿಗೆ ನಿಮ್ಮನ್ನ ಹಾಕಿ ಅಂತ ನಾನೇ ಹೇಳ್ತೀನಿ."

"ಒಂದು ವಾರ ಟೈಮು ಕೊಡಿ ಯಜಮಾನ್ರೇ, ಯೋಚನೆ ಮಾಡ್ತೀನಿ" ಎಂದರು ಅಪ್ಪ.

ಆ ವಾರವೆಲ್ಲ ಅಪ್ಪ ಸೈಕಲ್ ಹತ್ತಿ ಹೊಸ ಊರುಗಳನ್ನು ಸುತ್ತಿದರು. ಮಾರತ್ತಹಳ್ಳಿ, ಬೆಳ್ಳಂದೂರು, ವರ್ತೂರು, ನಡುವಿನ ಸಣ್ಣಪುಟ್ಟ ಹಳ್ಳಿಗಳು. ದಿನಾ ಸಂಜೆ ಧೂಳು ಮೆತ್ತಿಕೊಂಡು ಬರುವರು, ಕಾಲು ತೊಳೆದು ಉಂಡು ಮಲಗುವರು. ಆರನೇ ದಿನ ಬಂದವರು ಸೈಕಲ್ಲನ್ನು ಗೋಡೆಗೆ ಒರಗಿಸಿ ಅದರ ಪಕ್ಕದಲ್ಲೇ ಕುಳಿತುಬಿಟ್ಟರು. ಅವ್ವ ಅಂಗಳದಲ್ಲಿ ಮಾರನೆಯ ದಿನದ ಸಂತೆಗೆ ಮೆಂತ್ಯದ ಕಟ್ಟು ಕಟ್ಟುತ್ತಿದ್ದಳು. ನಾನು ನಾರು ಸೀಳಿಕೊಡುತ್ತಿದ್ದೆ.

"ಎಲ್ಲೋದ್ರೂ ನಾನ್ಯಾರು ಅಂತ ನಾನೇ ಹೇಳ್ಕೋಬೇಕು" ಎಂದರು ಅಪ್ಪ, ಯಾರಿಗೆ ಅಂತಿಲ್ಲದೆ. "ಒಂದೂರಲ್ಲಿ ಸಿಡುಬಿನ ಮೈಲಿ ಚುಚ್ಚೋ ಡಾಕ್ಟ್ರ ಕಡೆಯೋನು ಅಂದ್ಕೊಂಡು ಮಕ್ಕಳನ್ನೆಲ್ಲ ಒಳಗೆ ಕರಕೊಂಡ್ರು."

ನನಗೆ ನಗು ಬಂತು. ಅವ್ವ ನಗಲಿಲ್ಲ.

"ಯಾವ್ಯಾವೂರಿಗೆ ಹೋಗಿದ್ರಿ?"

ಅಪ್ಪ ಹೇಳಿದರು. ಒಂದೊಂದು ಊರಿನ ಹೆಸರು ಬಂದಾಗಲೂ ಅವ್ವ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಡದೆ ಉತ್ತರ ಹೇಳುತ್ತ ಹೋದಳು.

"ಮಾರತ್ತಹಳ್ಳೀಲಿ ಕೊತ್ತಂಬರಿ ತರೋ ಅಕ್ಕ ಅವಳೆ. ಅವಳ ಭಾವನೇ ಪಟೇಲ. ಬೆಳ್ಳಂದೂರಿನ ಹೂಕೋಸಿನೋಳು ನನ್ ಪಕ್ಕದಲ್ಲೇ ಕುಂತ್ಕೊಳ್ಳೋದು, ಹೋದ್ ವರ್ಷ ಅವಳ ಮಗಳ ಬಾಣಂತನಕ್ಕೆ ಸಬ್ಬಸಿಗೆ ಎಲ್ಲ ನಾನೇ ಕಳಿಸ್ದೆ. ವರ್ತೂರಿನ ಬದನೆಕಾಯಿ ಅಜ್ಜಿ ಗೊತ್ತಿಲ್ವಾ? ಗಂಡ ಹೋದ್ಮೇಲೆ ಜಮೀನೆಲ್ಲ ಅವಳ ಹೆಸರಲ್ಲೇ ಐತೆ. ಊರಲ್ಲಿ ಅವಳ ಮಾತಂದ್ರೆ ಮಾತು."

ಅಪ್ಪ ತಲೆಯೆತ್ತಿ ನೋಡಿದರು. ಅವರ ಮುಖದಲ್ಲಿ ಆಶ್ಚರ್ಯವಿತ್ತು, ಜೊತೆಗೆ ಸ್ವಲ್ಪ ಇರುಸುಮುರುಸೂ ಇತ್ತು.

"ಅಲ್ಲ ಕಣೇ, ಸೊಪ್ಪು ಮಾರೋರ ಹತ್ರ ಹೋಗಿ ಓಟು ಕೇಳೋದಾ? ಅವರಲ್ಲಿ ಎಷ್ಟು ಜನಕ್ಕೆ ಓಟೈತೆ?"

ಅದು ನಿಜವೇ. ಆಗ ಎಲ್ಲರಿಗೂ ಓಟಿರಲಿಲ್ಲ. ಇಷ್ಟು ಕಂದಾಯ ಕಟ್ಟಬೇಕು, ಇಲ್ಲವೇ ಇಷ್ಟು ಓದಿರಬೇಕು ಅಂತ ನಿಯಮ. ಜಮೀನು ಗಂಡನ ಹೆಸರಿನಲ್ಲಿದ್ದ ಹೆಂಗಸರಿಗೆ ಏನೂ ಇಲ್ಲ. ನಮ್ಮವ್ವನಿಗೂ ಓಟಿರಲಿಲ್ಲ. ನನಗೆ ಓದಿತ್ತು, ಓಟಿನ ವಯಸ್ಸಾಗಿರಲಿಲ್ಲ.

"ಓಟಿರೋರಿಗೆ ಅನ್ನ ಬಡಿಸೋರು ಯಾರು?" ಎಂದಳು ಅವ್ವ. "ನೀವು ಜಗಲೀಲಿ ಕುಂತಿರೋರನ್ನ ಕೇಳ್ಕೊಂಡು ಬಂದಿದ್ದೀರಿ. ನಾನು ಅಡಿಗೆಮನೆ ಕಡೆಯಿಂದ ಕೇಳ್ತೀನಿ."

ಮಾರನೆಯ ದಿನ ಅಪ್ಪ ವರ್ತೂರಿನ ಹಿರಿಯರಿಗೆ ಒಂದು ಕಾಗದ ಬರೆದರು. ತಮ್ಮ ಮೇಲೆ ಗೌರವವಿದೆ, ಆದರೂ ನಿಲ್ಲುತ್ತೇನೆ, ಕ್ಷಮಿಸಬೇಕು ಅಂತ.

ಅವ್ವನ ದಾರಿಯಲ್ಲಿ ಒಂದೇ ಒಂದು ತೊಡಕಿತ್ತು. ಅವಳು ಗಂಡನ ಹೆಸರು ಹೇಳುವಂತಿರಲಿಲ್ಲ. ನಮ್ಮ ಕಡೆ ಯಾವ ಹೆಂಗಸೂ ಹೇಳುತ್ತಿರಲಿಲ್ಲ. ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆ ಅನ್ನುವ ನಂಬಿಕೆ. ಹೆಸರೇ ಹೇಳದೆ ಓಟು ಕೇಳುವುದು ಹೇಗೆ? ಅದಕ್ಕೆ ಅವ್ವ ನನ್ನನ್ನು ಗಾಡಿ ಹತ್ತಿಸಿದಳು. "ನಾನು ಮಾತಾಡ್ತೀನಿ, ಕೊನೇಲಿ ಹೆಸರು ನೀನು ಹೇಳು" ಎಂದಳು. ಮದುವೆಗೆ ಬಂದ ಹುಡುಗಿಯನ್ನು ಸಂತೆಯಲ್ಲಿ ಮೆರೆಸುತ್ತಿದ್ದಾಳೆ ಅಂತ ಸೋದರತ್ತೆ ಎರಡು ತಿಂಗಳು ನಮ್ಮ ಮನೆ ಕಡೆ ತಲೆ ಹಾಕಲಿಲ್ಲ.

ಬ್ಲಾಕ್‌ಪಳ್ಳಿಗೆ ಹಿಂದೆಯೂ ಹೋಗಿದ್ದೆ. ಆದರೆ ಅವ್ವ ಅಲ್ಲಿ ಏನು ಅನ್ನುವುದು ನನಗೆ ಗೊತ್ತಾದದ್ದು ಆ ವಾರ. ನಮ್ಮ ಮನೆಯಲ್ಲಿ ಅಪ್ಪ ಮಾತಾಡುವಾಗ ಬಾಗಿಲ ಹಿಂದೆ ನಿಲ್ಲುತ್ತಿದ್ದ ಅವ್ವ ಅಲ್ಲಿ ಗಟ್ಟಿಯಾಗಿ ನಗುತ್ತಿದ್ದಳು. ಹಲಸೂರಿನ ಹೂವಿನವಳ ಹತ್ತಿರ ತಮಿಳಿನಲ್ಲಿ, ಮಟನ್ ಅಂಗಡಿಯ ಸಾಹೇಬರ ಹತ್ತಿರ ದಖನಿ ಉರ್ದುವಿನಲ್ಲಿ, ದೊರೆಗಳ ಮನೆಯ ಬಟ್ಲರುಗಳ ಹತ್ತಿರ ಅರ್ಧಂಬರ್ಧ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದಳು. ಒಬ್ಬ ಬಟ್ಲರು ಬಾಡಿದ ಬೀಟ್‌ರೂಟು ಎತ್ತಿಕೊಂಡದ್ದನ್ನು ನೋಡಿ, "ನೋ ನೋ, ಅದು ಓಲ್ಡು" ಎಂದು ಕಸಿದು ಬೇರೆಯದನ್ನು ಕೊಟ್ಟಳು. ಆ ಬುಟ್ಟಿಯೇ ಪಕ್ಕದವಳದ್ದು. ಪಕ್ಕದವಳೂ ಸಿಟ್ಟಾಗಲಿಲ್ಲ. ಅಲ್ಲಿ ಅವಳಿಗೆ ಎಲ್ಲರೂ ಕರೆಯುತ್ತಿದ್ದದ್ದು 'ಸೊಪ್ಪಿನಮ್ಮ' ಅಂತ.

ವ್ಯಾಪಾರದ ಭರ ಇಳಿದ ಮೇಲೆ ಹೆಂಗಸರೆಲ್ಲ ಬುಟ್ಟಿ ಸರಿಸಿಕೊಂಡು ಬುತ್ತಿ ಬಿಚ್ಚಿದರು. ವರ್ತೂರಿನ ಬದನೆಕಾಯಿ ಅಜ್ಜಿ ನಡುವೆ ಕೂತಿದ್ದಳು. ಬೊಚ್ಚು ಬಾಯಿ, ಬಿಳಿ ಸೀರೆ, ಕೊರಳಲ್ಲಿ ಏನೂ ಇಲ್ಲ, ಆದರೆ ಕೂತ ರೀತಿಯಲ್ಲೇ ಯಜಮಾನಿಕೆ. ಅವ್ವ ಅವಳ ಎಲೆಗೆ ಹುರುಳಿಕಾಳಿನ ಪಲ್ಯ ಹಾಕಿ ವಿಷಯ ತೆಗೆದಳು. ಸುತ್ತುಬಳಸು ಮಾಡಲಿಲ್ಲ.

"ಅತ್ತೆ, ನಮ್ಮನೆಯೋರು ಈ ಸಲ ನಿಮ್ ಕಡೆಯಿಂದ ನಿಂತವ್ರೆ. ಪಟ್ಟೀಲಿ ನಿಮ್ ಹೆಸರೈತೆ. ಓಟು ಅವರಿಗೆ ಹಾಕ್ಬೇಕು."

"ನನ್ ಹೆಸರಾ?" ಅಜ್ಜಿ ತುತ್ತು ಎತ್ತಿದ ಕೈ ಹಾಗೇ ನಿಂತಿತು. "ಪಟ್ಟೀಲಿ?"

ಅಪ್ಪನ ಹತ್ತಿರವಿದ್ದ ಓಟುದಾರರ ಪಟ್ಟಿಯಿಂದ ನಾನು ಎರಡು ಹಾಳೆ ನಕಲು ಮಾಡಿಕೊಂಡು ಹೋಗಿದ್ದೆ. ಅವಳ ಹೆಸರು, ಅವಳ ಗಂಡನ ಹೆಸರು, ಊರು, ಎಲ್ಲವನ್ನೂ ಓದಿ ಹೇಳಿದೆ. ಅಜ್ಜಿ ನನ್ನ ಕೈಯಿಂದ ಹಾಳೆ ತೆಗೆದುಕೊಂಡು ನಾನು ತೋರಿಸಿದ ಅಕ್ಷರದ ಮೇಲೆ ಬೆರಳಿಟ್ಟಳು.

"ಇಷ್ಟು ವರ್ಸ ಆಯ್ತು, ಒಬ್ರಾದ್ರೂ ಬಂದು ಕೇಳ್ಲಿಲ್ವಲ್ಲೇ. ನನ್ ಮೈದುನನ್ನ ಕೇಳ್ಕೊಂಡು ಹೋಗ್ತಿದ್ರು. ಅವನು ನಮ್ಮನೆ ಓಟೆಲ್ಲ ನಿಮ್ದೇ ಅಂದ್ಬಿಡ್ತಿದ್ದ."

"ನಾನು ಕೇಳ್ತಾ ಇದ್ದೀನಲ್ಲ ಈಗ."

"ಕೊಟ್ರೆ ಏನು ಮಾಡ್ತಾನೆ ನಿನ್ ಗಂಡ?"

ಅವ್ವ ಯೋಚಿಸಿದಳು. ಅಪ್ಪನಾಗಿದ್ದರೆ ತೂಬು, ಸ್ಕೂಲು, ರಸ್ತೆ ಎಂದು ಹೇಳುತ್ತಿದ್ದರು. ಅವ್ವ ಉಳಿದ ಹೆಂಗಸರ ಮುಖ ನೋಡಿದಳು. "ಸುಂಕದ ಗೇಟಲ್ಲಿ ಗಂಟೆಗಟ್ಲೆ ಬಿಸಿಲಲ್ಲಿ ನಿಲ್ಲಿಸ್ತಾರಲ್ಲ. ಸೊಪ್ಪೂ ಬಾಡ್ತದೆ, ನಾವೂ ಬಾಡ್ತೀವಿ. ಹೆಂಗಸ್ರು ಮರೆಗೆ ಹೋಗಾಕೂ ಜಾಗ ಇಲ್ಲ. ನಮ್ ಸೀಮೆ ಕಡೆ ಒಂದು ನೆರಳು, ಒಂದು ಮರೆ ಕಟ್ಸಿ ಅಂತ ಮಹಾರಾಜರ ಸಭೇಲಿ ಕೇಳಿಸ್ತೀನಿ. ಕಟ್ತಾರೋ ಇಲ್ವೋ ನಂಗೊತ್ತಿಲ್ಲ. ಕೇಳೋದಂತೂ ಕೇಳಿಸ್ತೀನಿ."

"ಅಷ್ಟು ಸಾಕು" ಎಂದಳು ಬೆಳ್ಳಂದೂರಿನ ಹೂಕೋಸಿನವಳು. "ಹೆಸರೇನು ನಿನ್ ಗಂಡಂದು?"

ಅವ್ವ ನಾಚಿಕೊಂಡು ನನ್ನ ಕಡೆ ನೋಡಿದಳು. ನಾನು ಹೇಳಿದೆ. ಹೆಂಗಸರೆಲ್ಲ ನಕ್ಕರು, ನಾಲ್ಕು ಸಲ ಹೇಳಿಸಿ ಬಾಯಿಪಾಠ ಮಾಡಿಕೊಂಡರು. ಸಂಜೆ ಮನೆಗೆ ಬಂದು ಆ ಗೇಟಿನ ನೆರಳಿನ ಮಾತು ಹೇಳಿದಾಗ ಅಪ್ಪ, ಗೇಟಿನಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತಾರೆ ಎಂದು ಅವ್ವನನ್ನು ಕೇಳಿದರು. ಎರಡು ಅವಧಿ ಸಭೆಯಲ್ಲಿ ಕೂತಿದ್ದವರು ಅವರು. ಹೆಂಡತಿ ವಾರಕ್ಕೆ ನಾಲ್ಕು ದಿನ ಬಿಸಿಲಲ್ಲಿ ನಿಲ್ಲುವುದನ್ನು ಒಂದು ಸಲವೂ ಕೇಳಿ ತಿಳಿದಿರಲಿಲ್ಲ.

ಮುಂದಿನ ವಾರದಿಂದ ಅಪ್ಪ ಅದೇ ಊರುಗಳಿಗೆ ಎರಡನೇ ಸಲ ಹೋದರು. ಈ ಸಲ ಸೈಕಲ್ಲಿನಲ್ಲಲ್ಲ, ನಮ್ಮ ಜೊತೆ ಗಾಡಿಯಲ್ಲಿ. ಊರ ಬಾಗಿಲಲ್ಲಿ ಇಳಿದು ಮುಂದೆ ಅವ್ವ, ಹಿಂದೆ ನಾನು, ನಮ್ಮ ಹಿಂದೆ ಅಪ್ಪ. ಎಲ್ಲ ಕಡೆ ಮೊದಲು ತೆರೆದದ್ದು ಹಿತ್ತಲ ಬಾಗಿಲು. ಮಾರತ್ತಹಳ್ಳಿಯಲ್ಲಿ ಕೊತ್ತಂಬರಿ ಅಕ್ಕ ಅಪ್ಪನನ್ನು ತನ್ನ ಭಾವನ ಮುಂದೆ ಕರೆದುಕೊಂಡು ಹೋಗಿ ನಿಲ್ಲಿಸಿ, "ಇವ್ರು ನಮ್ ಸೊಪ್ಪಿನಮ್ಮನ ಯಜಮಾನ್ರು" ಎಂದಳು.

ಅಪ್ಪನ ಮುಖ ಕೆಂಪಾಯಿತು. ನಾನು ಪಕ್ಕದಲ್ಲೇ ಇದ್ದೆ, ನೋಡಿದೆ. ಇಷ್ಟು ವರ್ಷ ಮೆಂಬರು, ಮೆಂಬರು ಎಂದು ಕರೆಸಿಕೊಂಡ ಮನುಷ್ಯ. ಪಟೇಲರು ಮಾತ್ರ ಎದ್ದು ನಿಂತು, "ಓ, ಅವರಾ! ಬನ್ನಿ ಬನ್ನಿ. ನಮ್ಮ ಮನೇಲಿ ದಿನಾ ಅವರದೇ ಮಾತು" ಎಂದು ಕೈಹಿಡಿದು ಕೂರಿಸಿಕೊಂಡರು. ಮೊದಲ ಸಲ ಹೋದಾಗ ಅದೇ ಪಟೇಲರು ಜಗಲಿಯಿಂದ ಏಳದೆಯೇ ಮಾತಾಡಿ ಕಳಿಸಿದ್ದರಂತೆ.

ಎರಡನೇ ಊರಿನಲ್ಲೂ ಹೀಗೇ ಆಯಿತು. ಮೂರನೇ ಊರಿನಲ್ಲಿ ಒಂದು ಜಗಲಿಯ ಮೇಲೆ ಐದಾರು ಜನ ಕೂತಿದ್ದರು. ಅವ್ವ ಆಗಲೇ ಒಳಗೆ ಹೋಗಿದ್ದಳು, ಹೆಂಗಸರ ನಗು ಕೇಳುತ್ತಿತ್ತು. ಒಬ್ಬ ಮುದುಕರು ಕಣ್ಣಿಗೆ ಕೈ ಅಡ್ಡ ಹಿಡಿದು ಅಪ್ಪನನ್ನು ನೋಡಿ, "ಯಾವೂರಪ್ಪ, ಯಾರ ಪೈಕಿ?" ಎಂದು ಕೇಳಿದರು.

ಅಪ್ಪ ಗಂಟಲು ಸರಿ ಮಾಡಿಕೊಂಡರು. "ಮಹದೇವಪುರ. ಬ್ಲಾಕ್‌ಪಳ್ಳೀಲಿ ಸೊಪ್ಪಿನಮ್ಮ ಅಂತಾರಲ್ಲ, ನಾನು ಅವರ ಯಜಮಾನ."

ಯಾರೂ ಹೇಳಿಕೊಡದೆ ಹೇಳಿದರು, ಗಟ್ಟಿಯಾಗಿ ಹೇಳಿದರು. ಅವರು ಜರಿ ಪೇಟ ಕಟ್ಟಿಕೊಂಡು ರೈಲು ಹತ್ತುವುದನ್ನು ನೋಡಿದಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ. ಅಲ್ಲಿಂದ ಮುಂದೆ ಅವರು ಬೇರೆ ಪರಿಚಯ ಹೇಳಿಕೊಳ್ಳಲೇ ಇಲ್ಲ. ಮೊದಲ ಸಲ ಹಾಗೆ ಹೇಳಿದ್ದನ್ನು ಅವ್ವ ಕೇಳಿಸಿಕೊಂಡಿರಲಿಲ್ಲ. ಗಾಡಿಯಲ್ಲಿ ಬರುವಾಗ ನಾನು ಅವಳ ಕಿವಿಯಲ್ಲಿ ಹೇಳಿದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಹೊಲದ ಕಡೆ ನೋಡುತ್ತ ಕೂತಳು.

ಓಟಿನ ದಿನ ನಾವು ಮೂವರೂ ವರ್ತೂರಿಗೆ ಹೋದೆವು. ಸ್ಕೂಲಿನ ಕಟ್ಟಡದಲ್ಲಿ ಓಟು. ಎದುರಿಗೆ ಹೊಂಗೆಮರ, ಮರದ ಕೆಳಗೆ ಒಂದು ಕಡೆ ಹಿರಿಯ ಸದಸ್ಯರ ಪೈಕಿಯವರು, ಒಂದು ಕಡೆ ನಾವು. ಓದು ಬರುವವರು ತಾವೇ ಗುರುತು ಹಾಕಬೇಕು. ಓದು ಬಾರದವರು ಒಳಗೆ ಕೂತ ಅಧಿಕಾರಿಗೆ ಹೆಸರು ಹೇಳಬೇಕು, ಅವರು ಗುರುತು ಹಾಕುತ್ತಿದ್ದರು.

ಬೆಳಗ್ಗೆಯೆಲ್ಲ ಗಂಡಸರೇ ಬಂದರು. ಬಿಸಿಲೇರುವ ಹೊತ್ತಿಗೆ ಬದನೆಕಾಯಿ ಅಜ್ಜಿ ಬಂದಳು. ಹಿಂದೆ ಅವಳ ಹಾಗೆಯೇ ಗಂಡನ ಜಮೀನು ನೋಡಿಕೊಳ್ಳುವ ಇನ್ನೂ ಕೆಲವು ಹೆಂಗಸರು. ಎಲ್ಲರೂ ಹಬ್ಬಕ್ಕೆ ಉಡುವ ಸೀರೆ ಉಟ್ಟಿದ್ದರು. ಅಜ್ಜಿಯ ಮೈದುನ ಎದುರು ಪಕ್ಷದ ಚಾಪೆಯ ಮೇಲೆ ಕೂತವನು ಬಾಯಿ ಬಿಟ್ಟುಕೊಂಡು ನೋಡಿದ. ಅಜ್ಜಿ ಅವನ ಕಡೆ ತಿರುಗಲೂ ಇಲ್ಲ, ನೇರ ಒಳಗೆ ಹೋದಳು.

ನಾನು ಅವರಿಗೆಲ್ಲ ಕುಡಿಯಲು ನೀರು ತರೋಣ ಅಂತ ಬಾವಿಗೆ ಹೋದೆ. ಕೊಡ ಹೊತ್ತು ತಿರುಗಿ ಬರುತ್ತಿದ್ದಾಗ ಅಜ್ಜಿ ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತು ಕೂಗಾಡುತ್ತಿರುವುದು ಕಾಣಿಸಿತು.

"ಸೊಪ್ಪಿನಮ್ಮನ ಗಂಡ ಅಂದ್ರೆ ಆ ಸ್ವಾಮಿ ಬರ್ಕೊಳ್ಳಲ್ಲ ಅಂತಾನೆ! ಹೆಸರು ಹೇಳು ಅಂತಾನೆ! ನಂಗೆ ಒಳಗೋಗ್ತಿದ್ದಂಗೆ ಮರ್ತೋಯ್ತಲ್ಲೇ. ಏನದು? ಎಲ್ಲೇ ನಿನ್ ಮಗಳು?"

ಅವ್ವ ಸುತ್ತ ನೋಡಿದಳು. ನಾನು ಇನ್ನೂ ದೂರದಲ್ಲಿದ್ದೆ. ತಲೆ ಮೇಲೆ ಕೊಡ, ಓಡುವಂತಿರಲಿಲ್ಲ. ಅಪ್ಪ ಮರದ ಕೆಳಗೆ ಎದ್ದು ನಿಂತರು. ತಮ್ಮ ಹೆಸರನ್ನು ತಾವೇ ಕೂಗಿ ಹೇಳುವುದು ಅವರಿಂದ ಆಗಲಿಲ್ಲ. ಅಜ್ಜಿಯ ಹಿಂದೆ ಉಳಿದ ಹೆಂಗಸರೂ ಕಾಯುತ್ತಿದ್ದರು. ಅವರ ಮುಖ ನೋಡಿದರೆ ಅವರಿಗೂ ಮರೆತುಹೋದಂತಿತ್ತು.

ಅವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ಮುಚ್ಚಿದಳು. ಆಮೇಲೆ ಸಂತೆಯಲ್ಲಿ ಕೂಗುವ ದನಿಯಲ್ಲಿ ಅಪ್ಪನ ಹೆಸರನ್ನು, ಅವರ ತಂದೆಯ ಹೆಸರಿನ ಸಮೇತ, ಪೂರ್ತಿಯಾಗಿ ಹೇಳಿದಳು.

ಮರದ ಕೆಳಗಿದ್ದವರೆಲ್ಲ ತಿರುಗಿ ನೋಡಿದರು.

"ಹಾಂ, ಅದೇ!" ಎಂದು ಅಜ್ಜಿ ಒಳಗೆ ನುಗ್ಗಿದಳು. ಉಳಿದ ಹೆಂಗಸರೂ ಬಾಯಲ್ಲೇ ಅದನ್ನು ಹೇಳಿಕೊಳ್ಳುತ್ತ ಹಿಂದೆಯೇ ಹೋದರು.

ಎದುರು ಕಡೆಯ ಒಬ್ಬ ಎದ್ದು ಬಂದು ಬಾಗಿಲಲ್ಲಿ ತಕರಾರು ತೆಗೆದ. "ಬೂತಿನ ಮುಂದೆ ಹೆಸರು ಕೂಗೋ ಹಂಗಿಲ್ಲ ಸಾರ್, ಬರ್ಕೊಳ್ಳಿ." ಅಧಿಕಾರಿ ಕನ್ನಡಕ ತೆಗೆದು ಅವನನ್ನೇ ನೋಡಿದರು. "ಹೆಂಡ್ತಿ ಗಂಡನ ಹೆಸರು ಹೇಳಿದ್ಳು ಅಂತ ಬರ್ಕೊಳ್ಳಾ? ಅದನ್ನ ಓದಿದೋರು ನನ್ನನ್ನೇ ನೋಡಿ ನಗ್ತಾರೆ. ಹೋಗಿ ಕೂತ್ಕೊಳ್ರಿ." ಆ ಮಾತು ಕೇಳಿ ಎಲ್ಲರಿಗಿಂತ ಮೊದಲು ನಕ್ಕವರು ಎದುರು ಪಕ್ಷದ ಚಾಪೆಯ ಮೇಲಿದ್ದವರೇ.

ನಾನು ಬಂದು ಕೊಡ ಇಳಿಸುವಾಗ ಅವ್ವ ಹತ್ತಿರ ಬಂದಳು. "ಏನೂ ಆಗಲ್ಲ ಅಲ್ವಾ ಮಗಾ? ಆಯಸ್ಸು..." ಎಂದಳು ಮೆಲ್ಲಗೆ. ಅಪ್ಪ ನಮ್ಮ ಹಿಂದೆಯೇ ಬಂದು ನಿಂತಿದ್ದರು.

"ಏನೂ ಆಗಲ್ಲ ಬಿಡು" ಎಂದರು. "ಚೆನ್ನಾಗಿತ್ತು. ಇನ್ನೊಂದ್ ಸಲ ಹೇಳು."

ಅವ್ವ, ಮೊದಲು ನೀರು ಕುಡೀರಿ ಎಂದು ಲೋಟ ತುಂಬಿ ಅವರ ಕೈಗೆ ಕೊಟ್ಟಳು.

ನಾವು ಸೋತೆವು. ತಾಲ್ಲೂಕು ಕಚೇರಿಯಲ್ಲಿ ಎಣಿಕೆಗೆ ಅಪ್ಪ ಒಬ್ಬರೇ ಹೋಗಿದ್ದರು. ಮಧ್ಯಾಹ್ನ ಇಳಿದ ಮೇಲೆ ಸೈಕಲ್ ಬೆಲ್ಲು ಕೇಳಿಸಿ ನಾವು ಹೊರಗೆ ಬಂದೆವು. "ಸೋತ್ವಿ" ಎಂದರು ಸೈಕಲ್ಲಿನಿಂದ ಇಳಿಯುತ್ತಲೇ. ಅವರು 'ಸೋತೆ' ಅನ್ನಲಿಲ್ಲ, ಅದು ನನ್ನ ಕಿವಿಗೆ ಬಿತ್ತು. ಬಹಳ ದೊಡ್ಡ ಅಂತರವೇನಲ್ಲ. ಪಟೇಲರ ಮನೆತನಗಳು ಹುಟ್ಟಿದಾಗಿನಿಂದ ನಡೆದುಕೊಂಡು ಬಂದ ದಾರಿಯನ್ನು ಎರಡು ತಿಂಗಳಲ್ಲಿ ತಿರುಗಿಸಲು ಆಗಲಿಲ್ಲ. ಆದರೆ ವರ್ತೂರಿನಲ್ಲಿ, ಆ ಹಿರಿಯರ ಸ್ವಂತ ನೆಲದಲ್ಲಿ, ಅಪ್ಪನಿಗೆ ಬಿದ್ದ ಓಟು ನೋಡಿ ಎಣಿಸುವ ಗುಮಾಸ್ತರೇ ಎರಡು ಸಲ ಎಣಿಸಿದರಂತೆ.

"ಕೆ.ಆರ್. ಪುರ, ಹೊರಮಾವು ನಮ್ ಕಡೆ ಇದ್ದಿದ್ರೆ ಗೆಲ್ತಿದ್ವಿ" ಎಂದೆ ನಾನು, ಅಳು ತಡೆದುಕೊಂಡು.

"ಇದ್ದಿದ್ರೆ ಗೆಲ್ತಿದ್ದೆ" ಎಂದರು ಅಪ್ಪ. "ಆದ್ರೆ ನಿಮ್ಮವ್ವ ಯಾರು ಅಂತ ನಂಗೆ ಗೊತ್ತಾಗ್ತಿರ್ಲಿಲ್ಲ."

ಅವ್ವ ಒಳಗಿನಿಂದ, "ಕೈಕಾಲು ತೊಳ್ಕೊಂಡು ಬನ್ನಿ, ಮುದ್ದೆ ಆರೋಗ್ತದೆ" ಎಂದು ಕೂಗಿದಳು.

ಹದಿನೈದು ದಿನ ಕಳೆದ ಮೇಲೆ ಗೆದ್ದ ಹಿರಿಯರು ಮತ್ತೆ ನಮ್ಮ ಮನೆಗೆ ಬಂದರು. ಈ ಸಲ ಕೂತ ಮೇಲೆ, "ಅಮ್ಮನವರನ್ನ ಕರೀರಿ" ಎಂದರು. ಅವ್ವ ಬಾಗಿಲಿನ ಹತ್ತಿರ ಬಂದು ನಿಂತಳು.

"ಇನ್ನೊಂದು ತಿಂಗಳು ಸಿಕ್ಕಿದ್ರೆ ನೀವು ನನ್ನನ್ನ ಮನೇಲಿ ಕೂರಿಸಿಬಿಡ್ತಿದ್ರಿ ತಾಯಿ. ನಮ್ಮನೇ ಹೆಂಗಸ್ರೇ ನನ್ನ ಕೇಳ್ತಾವ್ರೆ, ಗೇಟಿನ ಹತ್ರ ನೆರಳು ಕಟ್ಸೋದು ಯಾವಾಗ ಅಂತ. ಅದನ್ನ ನೀವು ಬಾಯಲ್ಲಿ ಹೇಳಿ, ಇವರು ಬರೀಲಿ. ಸಭೇಲಿ ನಾನು ಓದ್ತೀನಿ."

ಅವ್ವ ಬಾಗಿಲಿನಿಂದಲೇ ಹೇಳಿದಳು, ಅಪ್ಪ ಬರೆದರು. ಎಲ್ಲಿ ಗಾಡಿ ನಿಲ್ಲುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಮರೆ ಎಲ್ಲಿ ಬೇಕು, ನೀರಿನ ತೊಟ್ಟಿ ಎತ್ತಿನ ಕಡೆಗಿರಬೇಕೋ ರಸ್ತೆಯ ಕಡೆಗೋ. ಅಪ್ಪ ಒಂದು ಕಡೆ 'ಮಹಾಸ್ವಾಮಿಯವರ ಸನ್ನಿಧಾನದಲ್ಲಿ' ಎಂದು ಏನೋ ದೊಡ್ಡ ಮಾತು ಸೇರಿಸಲು ಹೋದಾಗ ಅವ್ವ, "ಅದೆಲ್ಲ ಬೇಡ, ಬಿಸಿಲು ಅಂತ ಬರೀರಿ" ಎಂದಳು. ಹಿರಿಯರು ತೊಡೆ ತಟ್ಟಿಕೊಂಡು ನಕ್ಕರು. ಅವರು ಮಾತು ಉಳಿಸಿಕೊಂಡರು. ವರ್ಷ ತುಂಬುವುದರೊಳಗೆ ಗೇಟಿನ ಈಚೆ ಒಂದು ತಗಡಿನ ಚಪ್ಪರ, ಹಿಂದೆ ಇಟ್ಟಿಗೆ ಗೋಡೆಯ ಮರೆ, ಪಕ್ಕದಲ್ಲಿ ತೊಟ್ಟಿ ಬಂದವು.

ಅಪ್ಪ ಆಮೇಲೆ ಯಾವ ಚುನಾವಣೆಗೂ ನಿಲ್ಲಲಿಲ್ಲ. ವಾರಕ್ಕೆ ಒಂದು ದಿನ ಅವ್ವನ ಜೊತೆ ಬ್ಲಾಕ್‌ಪಳ್ಳಿಗೆ ಹೋಗಿ, ಅವಳ ಬುಟ್ಟಿಯ ಹಿಂದೆ ಗೋಣಿತಟ್ಟು ಹಾಸಿಕೊಂಡು ಕೂತು, ಬಂದವರಿಗೆಲ್ಲ ಅರ್ಜಿ ಬರೆದುಕೊಡುತ್ತಿದ್ದರು. ನಾನು ಹಲಸೂರಿನ ಒಂದು ಶಾಲೆಯಲ್ಲಿ ಪಾಠ ಹೇಳಲು ಸೇರಿದೆ.

ಕೆಲವೇ ವರ್ಷಗಳಲ್ಲಿ ದೇಶಕ್ಕೆ ಸ್ವಾತಂತ್ರ್ಯ ಬಂತು, ದಂಡು ಮೈಸೂರಿಗೆ ಸೇರಿತು. ಹೊಸದಾಗಿ ಬಂದ ಒಬ್ಬ ಅಧಿಕಾರಿ, ಮಾರುಕಟ್ಟೆಯ ಹೊರಗೆ ಕೂತು ಮಾರುವ ಹಳ್ಳಿಯ ಹೆಂಗಸರನ್ನೆಲ್ಲ ಎಬ್ಬಿಸಬೇಕು ಎಂದು ಒಂದು ಬೆಳಗ್ಗೆ ಬಂದರು. ಅವತ್ತು ಶಾಲೆಗೆ ರಜೆ, ನಾನೂ ಅಲ್ಲಿದ್ದೆ. ಹೆಂಗಸರು ಅವ್ವನನ್ನು ಮುಂದಕ್ಕೆ ತಳ್ಳಿದರು. ಅಪ್ಪ ಅಭ್ಯಾಸಬಲದಿಂದ ಅರ್ಜಿಗೆಂದು ಪೆನ್ನು ತೆಗೆದವರು, ಅವ್ವನೇ ಮಾತಾಡಲಿ ಎಂದು ಮತ್ತೆ ಜೇಬಿಗೆ ಹಾಕಿಕೊಂಡರು. ಅವ್ವ ಅಧಿಕಾರಿಯನ್ನು ಒಂದು ಬುಟ್ಟಿಯಿಂದ ಇನ್ನೊಂದು ಬುಟ್ಟಿಗೆ ಕರೆದುಕೊಂಡು ಹೋದಳು. ಇವಳು ಎಲ್ಲಿಂದ ಬರುತ್ತಾಳೆ, ಎಷ್ಟು ಹೊತ್ತಿಗೆ ಹೊರಡುತ್ತಾಳೆ, ಎಷ್ಟು ಹೊತ್ತಿಗೆ ಮಾರಿ ಮುಗಿಸುತ್ತಾಳೆ ಎಂದು ಒಬ್ಬೊಬ್ಬರದನ್ನೂ ಹೇಳಿದಳು. ಮಟನ್ ಅಂಗಡಿಯ ಸಾಹೇಬರು ಅವಳ ಪರವಾಗಿ ದಖನಿಯಲ್ಲಿ ಎರಡು ಮಾತು ಸೇರಿಸಿದರು, ಹೂವಿನವಳು ತಮಿಳಿನಲ್ಲಿ ನಾಲ್ಕು. ಕೊನೆಗೆ ಅಧಿಕಾರಿ, ಹತ್ತು ಗಂಟೆಯವರೆಗೆ ಕೂತುಕೊಳ್ಳಿ, ಆಮೇಲೆ ಗುಡಿಸಿ ಎದ್ದುಬಿಡಿ ಎಂದು ಒಪ್ಪಿದರು.

ಹತ್ತಕ್ಕೆ ಸರಿಯಾಗಿ ಹೆಂಗಸರೆಲ್ಲ ಗುಡಿಸಿ ಎದ್ದರು. ಅವ್ವ ಎದುರಿನ ಬೇಕರಿಯಿಂದ ಒಂದು ದೊಡ್ಡ ಬ್ರೆಡ್ಡು ತಂದು, ಗಾಡಿಯ ನೆರಳಿನಲ್ಲಿ ಎಲ್ಲರಿಗೂ ಮುರಿದುಕೊಟ್ಟಳು. ಅಪ್ಪ ಎರಡು ಲೋಟದಲ್ಲಿ ಟೀ ಹಿಡಿದು ತಂದು, ಮೊದಲನೆಯದನ್ನು ಅವಳ ಕೈಗೆ ಕೊಟ್ಟು, ಎರಡನೆಯದರಲ್ಲಿ ಬ್ರೆಡ್ಡು ಅದ್ದಿಕೊಂಡು ಅವಳ ಪಕ್ಕದಲ್ಲಿ ಕೂತರು.